ಸೇತುವೆ ಕಾವಲುಗಾರನ ಎಡಗಾಲು

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವ ಹೆಂಗಸಿಗೆ ಚುಕ್ಕಿ ಎಂದು ಹೆಸರಿಟ್ಟವನು ಅವಳ ಅಣ್ಣ. ಹುಟ್ಟಿದಾಗ ಅಂಗೈಯಗಲ ಇದ್ದಳಂತೆ. ಈಗ ಮೂವತ್ತಾರು ದಾಟಿ, ಮೈಕೈ ತುಂಬಿಕೊಂಡು, ಬಾಗಿಲಲ್ಲಿ ನಿಂತರೆ ಬೆಳಕಿಗೆ ಅಡ್ಡವಾಗುವಂತಾದ ಮೇಲೂ ಹೆಸರು ಮಾತ್ರ ಬೆಳೆಯಲಿಲ್ಲ. ಸಣ್ಣದನ್ನು ಕಾಣುವುದರಲ್ಲಿ ಅವಳದು ಎತ್ತಿದ ಕೈ. ಲೆನ್ಸಿನ ಅಂಚು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆರಳಿಗೇ ಗೊತ್ತಾಗುತ್ತಿತ್ತು. ಅಂಗಡಿಯ ಮಾಲೀಕರಿಗೆ ಕನ್ನಡಕವಿಲ್ಲದೆ ತಮ್ಮ ಅಂಗಡಿಯ ಬೋರ್ಡೇ ಕಾಣದು. ಹಾಕಿಕೊಂಡರೆ ವಯಸ್ಸಾದವರಂತೆ ಕಾಣುತ್ತೇನೆಂದು ಹಾಕುವುದೂ ಇಲ್ಲ. ಹಾಗಾಗಿ ಕೆಲಸ ಮಾಡುವವಳೂ ಅವಳೇ, ಮಾಡಿದ್ದು ಸರಿಯಿದೆಯೇ ಎಂದು ನೋಡುವವಳೂ ಅವಳೇ.

ಅವಳ ಇನ್ನೊಂದು ಕೆಲಸಕ್ಕೆ ಸಂಬಳವಿರಲಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಭಾನುವಾರವಾದರೆ ಊಟದ ಹೊತ್ತಿನವರೆಗೆ, ಅವಳು ಕಂಪ್ಯೂಟರಿನ ಮುಂದೆ ಕೂತು ಒಂದು ಆಟಕ್ಕೆ ಗೊಂಬೆಗಳನ್ನು ಬರೆಯುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದ ಆಟ ಅದು. ಪುಟ್ಟ ನಾಯಕನೊಬ್ಬ ಸೇತುವೆಯಿಂದ ಸೇತುವೆಗೆ ಓಡುತ್ತಾ ಮನೆ ಸೇರಬೇಕು. ಅಣ್ಣ ಆಡುವುದು, ಇವಳು ಪಕ್ಕದಲ್ಲಿ ಕೂತು ಗುಂಡಿ ಬಂತು, ಹಾರು ಎಂದು ಕಿರುಚುವುದು. ಮೂರು ಭಾಗ ಬಂದ ಮೇಲೆ ಆಟ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿಕೊಂಡಿತು. ನಾಯಕ ಮನೆ ಸೇರಲೇ ಇಲ್ಲ. ಇಪ್ಪತ್ತು ವರ್ಷ ಕಳೆದರೂ ಆ ಸಂಕಟ ಮರೆಯದ ಹುಚ್ಚರು ಲೋಕದಲ್ಲಿ ಹಲವರಿದ್ದರು. ಅವರಲ್ಲಿ ಹನ್ನೊಂದು ಜನ ಸೇರಿ ನಾಲ್ಕನೆಯ ಭಾಗವನ್ನು ತಾವೇ ಮಾಡಿ ಎಲ್ಲರಿಗೂ ಪುಕ್ಕಟೆ ಹಂಚುವುದೆಂದು ಹೊರಟಿದ್ದರು. ಗುಂಪಿನ ಹಿರಿಯನನ್ನು ಮೇಸ್ತ್ರಿ ಎನ್ನುತ್ತಿದ್ದರು. ಯಾರೂ ಅವನ ಮುಖ ಕಂಡವರಲ್ಲ. ಆದರೆ ಕೆಲಸ ಹಂಚುವ ಗತ್ತು, ತಪ್ಪು ಹಿಡಿಯುವ ವೈಖರಿ ನೋಡಿದರೆ ಕೈಯಲ್ಲಿ ತೂಗುಗುಂಡು ಹಿಡಿದೇ ಕೂತಿರುತ್ತಾನೆ ಅನ್ನಿಸುತ್ತಿತ್ತು.

ಗೊಂಬೆ ಎಂದರೆ ಮೂವತ್ತೆರಡು ಚುಕ್ಕಿ ಎತ್ತರದ ಆಳು. ಪಿಕ್ಸೆಲ್ ಎನ್ನುತ್ತಾರೆ, ಅವಳು ತನ್ನ ಹೆಸರಿನ ಮೇಲಿನ ಅಭಿಮಾನಕ್ಕೆ ಚುಕ್ಕಿ ಎಂದೇ ಎಣಿಸುತ್ತಿದ್ದಳು. ಅಷ್ಟರಲ್ಲೇ ಟೋಪಿ, ಮೂಗು, ಹೊಟ್ಟೆ, ಬೂಟು ಎಲ್ಲ ಬರಬೇಕು. ಕಣ್ಣಿಗೆ ಸಿಗುವುದು ಒಂದೇ ಚುಕ್ಕಿ. ನಡೆಯುವುದಕ್ಕೆ ಎಂಟು ಚಿತ್ರ. ಒಂದರ ಹಿಂದೊಂದು ಓಡಿಸಿದರೆ ಆಳು ಹೆಜ್ಜೆ ಹಾಕುತ್ತಾನೆ. ನೋಡುವವರಿಗೆ ಒಂದು ಗಳಿಗೆ, ಬರೆಯುವವರಿಗೆ ಒಂದು ವಾರ.

ಹೊಸ ಭಾಗದಲ್ಲಿ ಸೇತುವೆ ಕಾಯುವ ಮುದುಕನೊಬ್ಬ ಬರಬೇಕಿತ್ತು. ನಾಯಕನನ್ನು ಕಂಡರೆ ಕುಂಟುತ್ತಲೇ ಅಟ್ಟಿಸಿಕೊಂಡು ಬರುವವನು. ಚುಕ್ಕಿ ಮೂರು ಸಲ ಬರೆದಳು, ಮೇಸ್ತ್ರಿ ಮೂರು ಸಲವೂ ಹಿಂದಕ್ಕೆ ಕಳಿಸಿದ. ಇವನು ಕುಂಟುತ್ತಿಲ್ಲ, ಕಾಲಿಗೆ ಗುಂಡು ಕಲ್ಲು ಕಟ್ಟಿದ ಹಾಗಿದೆ ಎಂದ ಒಂದು ಸಲ. ಇನ್ನೊಂದು ಸಲ, ಕುಂಟರನ್ನು ನೀವು ಯಾವತ್ತೂ ನೋಡೇ ಇಲ್ಲವೇ ಎಂದು ಕೇಳಿದ. ಆ ಮಾತು ಓದಿ ಅವಳ ಮುಖ ಬಿಸಿಯಾಯಿತು. ಏಕೆಂದರೆ ದಿನವೂ ನೋಡುತ್ತಿದ್ದಳು.

ಅವಳು ಇದ್ದದ್ದು ಅಣ್ಣ ಅತ್ತಿಗೆಯ ಮನೆಯಲ್ಲೇ. ಅಣ್ಣ ಬಸ್ ಕಂಡಕ್ಟರ್ ಆಗಿದ್ದ. ನಾಲ್ಕು ವರ್ಷದ ಹಿಂದೆ ತುಂಬಿದ ಬಸ್ಸಿನ ಮೆಟ್ಟಿಲಿನಿಂದ ಜಾರಿ ಎಡಮಂಡಿ ಪುಡಿಯಾಯಿತು. ಒಳಗೆ ಕಂಬಿ ಹಾಕಿದರು, ಕಾಲು ಉಳಿಯಿತು, ಮಡಿಸುವುದಕ್ಕೆ ಮಾತ್ರ ಬರಲಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರಿಸಿದರು. ಕೂತರೆ ಅವನು ಹಳೆಯ ಅಣ್ಣನೇ. ಬಂದವರನ್ನು ನಗಿಸುವುದೇನು, ಹೋಗಬೇಕಾದ ಊರಿಗೆ ಬಸ್ಸಿಲ್ಲದಿದ್ದರೆ ಬೇರೆ ಊರಿಗೆ ಹೋಗಿಬನ್ನಿ, ಅದೂ ಚೆನ್ನಾಗಿದೆ ಎನ್ನುವುದೇನು. ಏಳಬೇಕಾದಾಗ ಮಾತ್ರ ಬೇರೆ ಮನುಷ್ಯ. ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದ, ಎಲ್ಲರೂ ಹೋದ ಮೇಲೆ ಏಳುತ್ತಿದ್ದ. ತಾನು ನಡೆಯುವುದನ್ನು ಯಾರೂ ನೋಡಬಾರದು. ಮನೆಯಲ್ಲಿ ಹೆಂಡತಿ ಕೂಡ, ಅವನು ಕುರ್ಚಿಯ ಕೈ ಹಿಡಿದನೆಂದರೆ ಏನೋ ನೆನಪಾದವಳಂತೆ ಇನ್ನೊಂದು ಕೋಣೆಗೆ ಹೋಗುತ್ತಿದ್ದಳು. ಒಬ್ಬಳ ಎದುರಿಗೆ ಮಾತ್ರ ಅವನಿಗೆ ಈ ಹಂಗಿರಲಿಲ್ಲ. ಚುಕ್ಕಿ ಇದ್ದರೂ ಯಾರೂ ಇಲ್ಲದ ಹಾಗೆಯೇ ಎದ್ದು, ಮಾತಾಡುತ್ತಲೇ, ಎಡಗೈ ತೊಡೆಯ ಮೇಲೆ ಒತ್ತಿ ಹಿಡಿದು, ಕಿಟಕಿ ಪಕ್ಕದ ಕುರ್ಚಿಯಿಂದ ಬಚ್ಚಲಮನೆಗೆ ಎಂಟು ಹೆಜ್ಜೆಯಲ್ಲಿ ಹೋಗಿಬಿಡುತ್ತಿದ್ದ. ಅದಕ್ಕೊಂದು ಹೆಸರಿಟ್ಟು ಇಬ್ಬರೂ ಮಾತಾಡಿದವರಲ್ಲ. ಆದರೆ ಅದು ತನಗೆ ಮಾತ್ರ ಸಿಕ್ಕ ಸಲಿಗೆ ಎಂದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಸಲಿಗೆಯನ್ನೇ ಅವಳು ಕದ್ದಳು. ಮೇಸ್ತ್ರಿಯ ಮೂರನೆಯ ನಕಾರ ಬಂದ ಭಾನುವಾರ, ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಫೋನನ್ನು ಒರಗಿಸಿ, ಕ್ಯಾಮೆರಾ ಚಾಲೂ ಮಾಡಿ, ತಾನು ಈರುಳ್ಳಿ ಹೆಚ್ಚುತ್ತಾ ನಿಂತಳು. ಕೇಳಿದ್ದರೆ ಕೊಡುತ್ತಿದ್ದನೋ ಏನೋ. ಕೇಳಿದರೆ ಅವನ ನಡಿಗೆ ಬದಲಾಗಿಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಹೌದು. ಕದಿಯುವವರ ಬಾಯಲ್ಲಿ ಇಂಥ ನಿಜಗಳು ಬೇಕಾದಷ್ಟಿರುತ್ತವೆ. ಅಣ್ಣ ಎದ್ದ, ಪಕ್ಕದ ಮನೆಯವರ ನಾಯಿಯ ಬಗ್ಗೆ ಏನೋ ಹೇಳುತ್ತಾ ನಡೆದು ಹೋದ. ಬಲದಿಂದ ಎಡಕ್ಕೆ, ಹನ್ನೊಂದು ಸೆಕೆಂಡು. ಅವಳು ಫೋನು ಎತ್ತಿಕೊಂಡಳು. ಹಿಂತಿರುಗುವಾಗಿನದು ಬೇಕಿರಲಿಲ್ಲ.

ಯಾಕೆ ಬೇಕಿರಲಿಲ್ಲವೆಂದರೆ, ಈ ಕಸುಬಿನಲ್ಲಿ ಒಂದು ಸೋಮಾರಿತನಕ್ಕೆ ಎಲ್ಲರ ಒಪ್ಪಿಗೆಯಿದೆ. ಆಳು ಎಡಕ್ಕೆ ನಡೆಯುವ ಎಂಟು ಚಿತ್ರ ಬರೆದರೆ ಸಾಕು. ಬಲಕ್ಕೆ ನಡೆಯಬೇಕಾದಾಗ ಕಂಪ್ಯೂಟರು ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಕೊಳ್ಳುತ್ತದೆ. ಅರ್ಧ ಕೆಲಸ ಉಳಿಯುತ್ತದೆ. ವರ್ಷಗಳಿಂದ ಅವಳು ಮಾಡಿಕೊಂಡು ಬಂದದ್ದೂ ಅದನ್ನೇ.

ಹನ್ನೊಂದು ಸೆಕೆಂಡನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಎಂಟು ಚಿತ್ರ ಬರೆದಳು. ತೊಡೆಯ ಮೇಲೆ ಕೈ, ಸೊಂಟದಿಂದ ಸುತ್ತು ಹಾಕಿ ಬರುವ ನೆಟ್ಟಗಿನ ಕಾಲು, ಆ ಕಾಲು ಊರಿದಾಗ ಒಂದು ಚುಕ್ಕಿ ಇಳಿಯುವ ಹೆಗಲು. ಓಡಿಸಿ ನೋಡಿದರೆ ಅಣ್ಣನೇ. ಮೇಸ್ತ್ರಿ ಮೊದಲ ಬಾರಿಗೆ ಹೊಗಳಿದ: ಈಗ ಜೀವ ಬಂತು ನೋಡಿ. ಹೊಗಳಿ ಸುಮ್ಮನಿದ್ದಿದ್ದರೆ ಆಗಿತ್ತು. ಇನ್ನೊಂಚೂರು ಮಜಾ ಇದ್ದರೆ ಚೆನ್ನ, ಇವನು ಬಂದರೆ ಆಡುವವರು ನಗಬೇಕು ಎಂದು ಸೇರಿಸಿದ.

ಅವಳು ಹೆಗಲನ್ನು ಒಂದರ ಬದಲು ಎರಡು ಚುಕ್ಕಿ ಇಳಿಸಿದಳು. ಜೊತೆಗೆ ತಲೆಯೂ ಬಗ್ಗಿ ಎದ್ದಿತು. ಮೂವತ್ತೆರಡು ಚುಕ್ಕಿಯ ಮೈಯಲ್ಲಿ ಒಂದು ಚುಕ್ಕಿ ಎಂದರೆ ನಿಜವಾದ ಮನುಷ್ಯನಿಗೆ ಮೂರು ಬೆರಳು. ಅದು ಅವಳಿಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ. ದಿನಬೆಳಗಾದರೆ ಕೂದಲೆಳೆ ಅಳೆಯುವವಳು. ಓಡಿಸಿ ನೋಡಿ ಅವಳೇ ಮೊದಲು ನಕ್ಕಳು. ಆಮೇಲೆ ನಾಚಿಕೆಯಾಯಿತು. ನಾಚಿಕೆಯಾದರೂ ಕಳಿಸಿದಳು.

ಆಟದ ಅರ್ಧವನ್ನು ಜನ ಆಡಿ ನೋಡಲೆಂದು ಬಿಡುಗಡೆ ಮಾಡಿದರು. ಒಂದೇ ವಾರದಲ್ಲಿ ನಾಯಕನನ್ನು ಕೇಳುವವರಿಲ್ಲ, ಕಾವಲುಗಾರನೇ ರಾಜ. ಯಾರೋ ಪುಣ್ಯಾತ್ಮ ಅವನ ನಡಿಗೆಯನ್ನಷ್ಟೇ ಕತ್ತರಿಸಿ, ಹಿಂದೆ ಪೀಪಿ ಡೋಲಿನ ಸಂಗೀತ ಹಾಕಿ ಬಿಟ್ಟ. ಅದು ಸಿಕ್ಕ ಸಿಕ್ಕ ಫೋನಿಗೆಲ್ಲ ಹರಿಯಿತು. ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬ ಮಾಲೀಕರಿಗೆ ತೋರಿಸಿದ. ಅವರು ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಒಳಕೋಣೆಗೆ ತಂದು ಅವಳಿಗೂ ತೋರಿಸಿದರು. ಅವಳ ಕೈಯಲ್ಲಿದ್ದ ಲೆನ್ಸಿನ ಅಂಚು ಚೂರಾಯಿತು. ಮನೆಯಲ್ಲಿ ಅಣ್ಣ, ಆಟ ಎಲ್ಲಿಗೆ ಬಂತು, ನಂಗೂ ತೋರಿಸೇ ಎಂದು ದಿನಾ ಕೇಳುತ್ತಿದ್ದ. ಇನ್ನೂ ಮುಗಿದಿಲ್ಲ ಎಂದು ಅವಳು ದಿನಾ ಹೇಳುತ್ತಿದ್ದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ಪ್ರತಿ ಸಲವೂ ಉಗುಳು ನುಂಗಿಕೊಂಡೇ ಹೇಳುತ್ತಿತ್ತು. ತೆಗೆಸಿಬಿಡಬೇಕು, ಇವತ್ತೇ ಮೇಸ್ತ್ರಿಗೆ ಹೇಳಬೇಕು ಎಂದುಕೊಳ್ಳುವಳು. ಹೇಳಿದರೆ ಯಾಕೆಂದು ಕೇಳುತ್ತಾನಲ್ಲ ಎಂದು ಬಾಯಿಗೆ ಬೀಗ ಹಾಕಿಕೊಳ್ಳುವಳು.

ಒಂದು ದಿನ ಕೇಳುವುದನ್ನು ಅಣ್ಣ ನಿಲ್ಲಿಸಿದ. ಅವಳಿಗೆ ನಿರಾಳವಾಯಿತು. ಎಂಥ ನಿರಾಳ, ನಾಲ್ಕು ದಿನದ್ದು. ಐದನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಫೋನಿಗೆ ಮೇಸ್ತ್ರಿಯ ಸಂದೇಶ ಬಂತು. ಆಟದಲ್ಲಿ ಕಂಡ ದೋಷಗಳನ್ನು ಜನ ಬರೆದು ತಿಳಿಸಲು ಒಂದು ಪುಟವಿತ್ತು. ಅಲ್ಲಿ ಬಂದ ದೂರು ಇದು, ನಿಮ್ಮ ಪಾಲಿನದು, ನೋಡಿ ಎಂದಿದ್ದ. ದೂರು ಹೀಗಿತ್ತು:

"ಕಾವಲುಗಾರ ಎಡಕ್ಕೆ ನಡೆಯುವಾಗ ಎಡಗಾಲು ಕುಂಟುತ್ತಾನೆ. ಬಲಕ್ಕೆ ತಿರುಗಿದ ಕೂಡಲೇ ಬಲಗಾಲು ಕುಂಟುತ್ತಾನೆ, ಕೈಯೂ ಬಲತೊಡೆಗೆ ಹೋಗುತ್ತದೆ. ತಿರುಗಿದಾಗಲೆಲ್ಲ ನೋವು ಕಾಲು ಬದಲಾಯಿಸುವುದಿಲ್ಲ. ಬೇರೆ ಯಾರೂ ಗಮನಿಸಿದಂತಿಲ್ಲ, ಅದಕ್ಕೆ ತಿಳಿಸುತ್ತಿದ್ದೇನೆ."

ಬರೆದವನು ತನ್ನ ಹೆಸರಿನ ಜಾಗದಲ್ಲಿ 'ಒಳಗೆ ಜಾಗ ಇದೆ' ಎಂದು ಹಾಕಿಕೊಂಡಿದ್ದ. ತುಂಬಿ ತುಳುಕುವ ಬಸ್ಸಿನಲ್ಲಿ ಹದಿನೆಂಟು ವರ್ಷ ಆ ಮಾತನ್ನು ಕೂಗಿದ ಮನುಷ್ಯ ಮನೆಯಲ್ಲಿ ಊಟಕ್ಕೆ ಬಡಿಸುವಾಗಲೂ ಅದನ್ನೇ ಹೇಳುತ್ತಿದ್ದ, ತನ್ನ ಹೊಟ್ಟೆ ತಟ್ಟಿ ತೋರಿಸಿ. ಹಾಗಾದರೆ ಆಟ ನೋಡಿದ್ದಾನೆ. ಅಲ್ಲಿಯವರೆಗೆ ಹೋಗಿ ದೂರು ಬರೆದಿದ್ದಾನೆಂದರೆ ಆ ಪೀಪಿ ಡೋಲಿನದನ್ನು ನೋಡದೆ ಇದ್ದಾನೆಯೇ? ಊಟ ಮಾಡದೆಯೇ ಡಬ್ಬಿ ಮುಚ್ಚಿಟ್ಟಳು.

ಸಂಜೆ ಮನೆಗೆ ಹೋದರೆ ಅಣ್ಣ ಎಂದಿನಂತೆ ಕುರ್ಚಿಯಲ್ಲಿದ್ದ, ಎಂದಿನಂತೆ ಮಾತಾಡಿಸಿದ. ಅವಳು ಎದುರು ಕೂತಳು. ಒಂದು ಗಂಟೆ ಕಳೆಯಿತು, ಒಂದೂವರೆ ಗಂಟೆ ಕಳೆಯಿತು, ಅವನು ಏಳಲಿಲ್ಲ. ಕೊನೆಗೆ, ಹೊರಗೆ ಒಣಗಲು ಹಾಕಿದ ಬಟ್ಟೆ ತರಲ್ವೇನೇ ಎಂದ. ಅವಳು ಹೋಗಿ ಬಟ್ಟೆ ತಂದಾಗ ಕುರ್ಚಿ ಖಾಲಿಯಿತ್ತು, ಬಚ್ಚಲಮನೆಯ ಬಾಗಿಲು ಹಾಕಿತ್ತು. ಬಟ್ಟೆಯ ರಾಶಿ ಎದೆಗವಚಿಕೊಂಡು ಅವಳು ಅಲ್ಲೇ ನಿಂತಳು. ಅಳು ಬಂದಿದ್ದರೆ ಹಗುರವಾಗುತ್ತಿತ್ತು, ಬರಲಿಲ್ಲ.

ಮೂರು ದಿನ ಹೀಗೇ ಕಳೆಯಿತು. ಬಲಕ್ಕೆ ನಡೆಯುವ ಚಿತ್ರಗಳನ್ನು ಬೇರೆಯಾಗಿ ಬರೆಯಲು ಕೂತರೆ ಒಂದೂ ಆಗುತ್ತಿರಲಿಲ್ಲ. ಆ ಕಡೆಯಿಂದ ನೋಡಿದರೆ ನೋವಿನ ಕಾಲು ಒಳ್ಳೆಯ ಕಾಲಿನ ಮರೆಗೆ ಹೋಗುತ್ತದೆ, ತೊಡೆ ಹಿಡಿದ ಕೈ ಕಾಣುವುದೇ ಇಲ್ಲ. ಇಡೀ ಕುಂಟು ಬೆನ್ನಿನಲ್ಲಿ, ಕತ್ತಿನಲ್ಲಿ ಕಾಣಬೇಕು. ಅದನ್ನು ಅವಳು ನೋಡಿಯೇ ಇರಲಿಲ್ಲ. ಮತ್ತೊಮ್ಮೆ ಫೋನನ್ನು ಸಕ್ಕರೆ ಡಬ್ಬಿಯವರೆಗೆ ಒಯ್ದದ್ದೂ ಉಂಟು. ತನ್ನ ಕೈ ಕಂಡು ತನಗೇ ಅಸಹ್ಯವಾಗಿ ಜೇಬಿಗೆ ಹಾಕಿಕೊಂಡಳು.

ನಾಲ್ಕನೆಯ ದಿನ ಅತ್ತಿಗೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು: "ನಿಮ್ಮಣ್ಣಂಗೆ ಏನಾಗಿದೆಯೇ? ಬೀರು ಕನ್ನಡಿ ಮುಂದೆ ನಿಂತ್ಕೊಂಡು ಹೆಗಲು ಎತ್ತಿ ಎತ್ತಿ ನಡೆದು ನೋಡ್ತಾರೆ. ನಾನು ಹೋದ್ರೆ ಬಟ್ಟೆ ಹುಡುಕ್ತಿದೀನಿ ಅಂತಾರೆ."

ಚುಕ್ಕಿಗೆ ಆಗ ಹೊಳೆಯಿತು. ಅಣ್ಣ ತನ್ನ ನಡಿಗೆಯನ್ನು ತಾನು ಯಾವತ್ತೂ ನೋಡಿರಲಿಲ್ಲ. ಕನ್ನಡಿ ಕಂಡರೆ ಮುಖ ತಿರುಗಿಸುವವನು, ಮದುವೆ ಮನೆಯ ವಿಡಿಯೋದಲ್ಲೂ ಕೂತೇ ಇರುವವನು. ನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದ್ದು ಅವಳು ಬರೆದದ್ದನ್ನು. ತಾನು ಹಾಗೆಯೇ ನಡೆಯುತ್ತೇನೆ ಎಂದು ನಂಬಿಬಿಟ್ಟಿದ್ದಾನೆ. ತಂಗಿಯ ಕಣ್ಣು ಎಂಥದ್ದೆಂದು ಅವನಿಗೆ ಗೊತ್ತಲ್ಲ, ಅವಳು ತಪ್ಪು ಅಳೆಯುವವಳಲ್ಲ. ಇಲ್ಲದ ಮೂರು ಬೆರಳಿನ ಕುಂಟನ್ನು ತಿದ್ದಿಕೊಳ್ಳಲು ಆ ಕಾಲಿಟ್ಟುಕೊಂಡು ಕನ್ನಡಿ ಮುಂದೆ ಒದ್ದಾಡುತ್ತಿದ್ದಾನೆ.

ಭಾನುವಾರ ಬೆಳಿಗ್ಗೆ ಅತ್ತಿಗೆ ತರಕಾರಿಗೆ ಹೋದ ಮೇಲೆ ಚುಕ್ಕಿ ಎರಡು ಲೋಟ ಕಾಫಿ ತಂದು ಕಿಟಕಿ ಪಕ್ಕ ಕೂತಳು. ಹೇಗೆ ಶುರು ಮಾಡುವುದೆಂದು ವಾರವೆಲ್ಲ ಯೋಚಿಸಿ ಇಟ್ಟುಕೊಂಡಿದ್ದ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

"ಅಣ್ಣ, ಆ ಕಾವಲುಗಾರ ನೀನೇ."

"ಗೊತ್ತು," ಎಂದ ಅವನು. "ಕೈ ನೋಡಿದ ತಕ್ಷಣ ಗೊತ್ತಾಯ್ತು."

ಅವಳು ಎಲ್ಲ ಹೇಳಿದಳು. ಸಕ್ಕರೆ ಡಬ್ಬಿ, ಫೋನು, ಈರುಳ್ಳಿ ಹೆಚ್ಚುವ ನಾಟಕ, ಒಂದನ್ನೂ ಬಿಡಲಿಲ್ಲ. ಅವನು ಬೀದಿ ನೋಡುತ್ತಾ ಕೇಳಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ದಿನ ತಾನು ನಾಯಿಯ ವಿಷಯ ಮಾತಾಡುತ್ತಿದ್ದೆನಲ್ಲವೇ ಎಂದಷ್ಟೇ ಕೇಳಿದ. ಹೌದೆಂದಳು. ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ತಿರುಗಿಸಿದ. ಆಮೇಲೆ ಅವಳ ಕಡೆ ತಿರುಗಿದ.

"ಒಂದು ಕೇಳ್ತೀನಿ, ನಿಜ ಹೇಳು. ನನ್ನ ಹೆಗಲು ಅಷ್ಟು ಬೀಳುತ್ತಾ?"

ಇಲ್ಲಿ ತಪ್ಪಿಸಿಕೊಳ್ಳಲು ಅವಳಿಗೆ ದಾರಿಗಳಿದ್ದವು. ಚಿಕ್ಕ ಚಿತ್ರದಲ್ಲಿ ಹಾಗೆ ಕಾಣುತ್ತದೆ ಎನ್ನಬಹುದಿತ್ತು. ಮೇಸ್ತ್ರಿಯ ತಲೆಗೆ ಕಟ್ಟಬಹುದಿತ್ತು. ಅವನ ಮುಖ ಯಾರೂ ಕಂಡಿಲ್ಲ, ಎಷ್ಟು ಕಟ್ಟಿದರೂ ಹೊರುತ್ತಾನೆ. ನಾಲಿಗೆ ತುದಿಗೆ ಅದೇ ಬಂದಿತ್ತು.

"ಇಲ್ಲ ಅಣ್ಣ. ಅದು ನಾನು ಹಾಕಿದ್ದು."

"ಯಾಕೆ?"

"ನಗು ಬರ್ಲಿ ಅಂತ."

ಅಣ್ಣ ಅವಳನ್ನೇ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸಿದ ಮೇಲೆ ಚೀಲ ಮುಚ್ಚುವವನ ಹಾಗೆ ಒಂದು ಸಲ ತಲೆಯಾಡಿಸಿದ.

"ಬಂತಲ್ಲ," ಎಂದ.

ಅವಳು ಇಡೀ ಕಾವಲುಗಾರನನ್ನೇ ಆಟದಿಂದ ತೆಗೆಸುತ್ತೇನೆ ಎಂದಳು, ಅಳುತ್ತಾ. ಅವನು ಒಪ್ಪಲಿಲ್ಲ. ತೆಗೆದರೆ ಸೇತುವೆ ಯಾರು ಕಾಯುತ್ತಾರೆ ಎಂದ. ಜನ ನಗಲಿ, ಬಸ್ಸಿನಲ್ಲಿ ನಗಿಸಿದವನೇ ತಾನು, ಆದರೆ ನಗುವುದಾದರೆ ಸರಿಯಾದ ಕಾಲಿಗೆ ನಗಲಿ ಎಂದ. ನಂತರ ಲೋಟ ಕೆಳಗಿಟ್ಟು, ಅವಳನ್ನು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಫೋನನ್ನು ಕೈಯಲ್ಲೇ ಹಿಡಿದುಕೋ ಎಂದು ಹೇಳಿ, ತನ್ನ ಕಡೆ ನೋಡಬೇಡವೆಂದು ಅಪ್ಪಣೆ ಮಾಡಿ ಬಚ್ಚಲಮನೆಯ ಬಾಗಿಲಿಗೆ ಹೋಗಿ ನಿಂತ. ಈಗ ನೋಡು ಎಂದ. ಅಲ್ಲಿಂದ ಕುರ್ಚಿಗೆ, ಎಡದಿಂದ ಬಲಕ್ಕೆ ನಡೆದ. ಎಂಟಲ್ಲ, ಹನ್ನೊಂದು ಹೆಜ್ಜೆ. ಹೆಗಲು ಬಿಗಿದುಕೊಂಡು, ಉಸಿರು ಹಿಡಿದುಕೊಂಡು, ಪ್ರತಿ ಹೆಜ್ಜೆಯನ್ನೂ ಎಣಿಸಿ ಇಟ್ಟ. ಕಣ್ಣುಗಳು ತನ್ನ ಮೇಲಿವೆ ಎಂದು ತಿಳಿದವನ ನಡಿಗೆ. ಮೇಸ್ತ್ರಿ ವಾಪಸು ಕಳಿಸಿದ ಆ ಮೊದಲ ಚಿತ್ರಗಳಷ್ಟೇ ಮರದಂತಿತ್ತು, ಚಿತ್ರಕ್ಕೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಸರಿಯಾಗಿ ಬಂತಾ ಎಂದು ಕೇಳಿದ. ಚೆನ್ನಾಗಿ ಬಂತು ಎಂದಳು.

ಮರದಂಥ ಆ ನಡಿಗೆಯಿಂದಲೇ, ಹಳೆಯದರ ನೆನಪು ಬೆರೆಸಿ, ಬಲಕ್ಕೆ ಹೋಗುವ ಎಂಟು ಚಿತ್ರಗಳನ್ನು ಬರೆದಳು. ಎಡಕ್ಕೆ ಹೋಗುವವುಗಳಿಂದ ಹೆಚ್ಚಿನ ಚುಕ್ಕಿ ತೆಗೆದಳು. ಮೊದಲಿನ ಮಜಾ ಎಲ್ಲಿ ಹೋಯಿತು ಎಂದು ಮೇಸ್ತ್ರಿ ಕೇಳಿದ. ಅದು ನನ್ನ ತಪ್ಪಾಗಿತ್ತು, ತಿದ್ದಿದ್ದೇನೆ ಎಂದು ಬರೆದಳು. ದೂರಿನ ಪುಟದಲ್ಲಿ 'ಒಳಗೆ ಜಾಗ ಇದೆ' ಎರಡೇ ಮಾತು ಬರೆದ: ನೋಡಿದೆ, ಈಗ ಸರಿಯಾಗಿದೆ. ಆಟದಲ್ಲಿ ತಿದ್ದಿದ್ದಾಯಿತು. ಪೀಪಿ ಡೋಲಿನ ಜೊತೆ ಫೋನಿಂದ ಫೋನಿಗೆ ಓಡಾಡುತ್ತಿರುವವನನ್ನು ತಿದ್ದಲು ಯಾರಿಂದ ಆದೀತು? ಅವನು ಈಗಲೂ ಎರಡು ಚುಕ್ಕಿ ಇಳಿದು ಇಳಿದೇ ನಡೆಯುತ್ತಿದ್ದಾನೆ.

ಅಣ್ಣ ತಂಗಿಯ ನಡುವೆ ಮಾತಿಗೇನೂ ಕಮ್ಮಿಯಾಗಲಿಲ್ಲ. ನಗುತ್ತಾರೆ, ಆಟದ ಮುಂದಿನ ಸೇತುವೆಯ ಬಗ್ಗೆ ವಾದ ಮಾಡುತ್ತಾರೆ, ನಾಯಕ ಈ ಸಲವಾದರೂ ಮನೆ ಸೇರಬೇಕು ಎಂದು ಅವನು ತಾಕೀತು ಮಾಡುತ್ತಾನೆ. ಮಾತಿನ ಮಧ್ಯೆ ಅವನ ಕೈ ಕುರ್ಚಿಯ ತೋಳಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಆಗ ಚುಕ್ಕಿ ನೀರು ಕುಡಿದು ಬರುತ್ತೇನೆಂದು ಎದ್ದು ಅಡುಗೆಮನೆಗೆ ಹೋಗುತ್ತಾಳೆ. ನಲ್ಲಿ ತಿರುಗಿಸಿ, ಬಾಗಿಲಿಗೆ ಬೆನ್ನು ಹಾಕಿ, ಬಚ್ಚಲಮನೆಯ ಚಿಲಕದ ಸದ್ದು ಕೇಳುವವರೆಗೆ ಅಲ್ಲೇ ನಿಂತಿರುತ್ತಾಳೆ.